ಅಕ್ವೇರಿಯಂ ದೀಪದ ಹೋಲ್ಡರ್ ಸುಟ್ಟರೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮಾನ್ಯರೆ, ನಮ್ಮ ಮನೆಯಲ್ಲಿ ಮೂರು ಅಡಿ ಉದ್ದದ ಅಕ್ವೇರಿಯಂ ಇದೆ. ಅದರ ಮುಚ್ಚಳದಲ್ಲಿ 36 ವ್ಯಾಟಿನ ಎರಡು ಪಿಎಲ್ ದೀಪಗಳಿದ್ದು (ಪಿನ್ನಿನ ಬುಡದ ಸಿಎಫ್‌ಎಲ್), ಪ್ರತಿಯೊಂದಕ್ಕೂ ಒಂದೇ ಸಾಲಿನಲ್ಲಿ ನಾಲ್ಕು ಪಿನ್ನುಗಳಿವೆ. ಕೊಂಡು ಹನ್ನೊಂದು ವರ್ಷಗಳಾದವು. ಕಳೆದ ತಿಂಗಳಿನಿಂದ ಎಡಗಡೆಯ ದೀಪ ಮಿಣುಕುತ್ತಿತ್ತು. ಬಿಚ್ಚಿ ನೋಡಿದಾಗ ದೀಪ ಸಿಕ್ಕಿಸುವ ಬಿಳಿಯ ಪ್ಲಾಸ್ಟಿಕ್ ಹೋಲ್ಡರ್ ಕಂದು ಬಣ್ಣಕ್ಕೆ ತಿರುಗಿ, ಒಂದು ಬದಿ ಸೀಳಿರುವುದು ಕಂಡಿತು. ನಮ್ಮೂರಿನ ಅಂಗಡಿಗಳಲ್ಲಿ ವಿಚಾರಿಸಿದರೆ ‘ಇದು ಈಗ ಬರೂದಿಲ್ರೀ, ಹೊಸಾ ಎಲ್‌ಇಡಿ ಸೆಟ್ಟ ತಗೋರಿ’ ಎನ್ನುತ್ತಾರೆ. ಪರಿಚಯದ ಎಲೆಕ್ಟ್ರಿಷಿಯನ್ ಒಬ್ಬರು ಹೋಲ್ಡರನ್ನೇ ತೆಗೆದುಹಾಕಿ, ತಂತಿಗಳನ್ನು ನೇರವಾಗಿ ದೀಪದ ಪಿನ್ನುಗಳಿಗೆ ಬೆಸೆದು ಕೊಡುವುದಾಗಿ ಹೇಳುತ್ತಿದ್ದಾರೆ. ದೀಪಗಳು ಚೆನ್ನಾಗಿವೆ, ಇನ್ನೊಂದು ಜೊತೆ ಹೊಸ ದೀಪಗಳೂ ಮನೆಯಲ್ಲಿವೆ. ಈ ಹೋಲ್ಡರಿಗೆ ಏನೆಂದು ಹೆಸರು, ಎಲ್ಲಿ ಸಿಗಬಹುದು, ನಾನೇ ಅಳವಡಿಸಬಹುದೇ ಎಂಬುದನ್ನು ದಯವಿಟ್ಟು ತಿಳಿಸಿರಿ.
— ಓದುಗರು, ವಿಜಯಪುರ

ಉತ್ತರ: ಮೊದಲು ಬೆಸುಗೆಯ ವಿಷಯ. ದಯವಿಟ್ಟು ಆ ಕೆಲಸಕ್ಕೆ ಒಪ್ಪಬೇಡಿ. ನಾಲ್ಕು ಪಿನ್ನಿನ ದೀಪವನ್ನು ನಡೆಸುವ ಎಲೆಕ್ಟ್ರಾನಿಕ್ ಚೋಕ್, ದೀಪ ಹೊತ್ತಿಕೊಳ್ಳುವ ಕ್ಷಣದಲ್ಲಿ ಪಿನ್ನುಗಳಿಗೆ ಹಲವು ನೂರು ವೋಲ್ಟುಗಳಷ್ಟು ವಿದ್ಯುತ್ತನ್ನು ಕೊಡುತ್ತದೆ. ಆ ಪಿನ್ನುಗಳು ಕೈಗೂ ನೀರಿನ ಹನಿಗೂ ಸಿಗದಂತೆ ಮುಚ್ಚಿಡುವುದೇ ಹೋಲ್ಡರಿನ ಅರ್ಧ ಕೆಲಸ. ಅದನ್ನು ತೆಗೆದು, ನೀರಿನ ಮೇಲೆ ಒಂದು ಗೇಣು ಎತ್ತರದಲ್ಲಿ, ಮೀನಿಗೆ ಆಹಾರ ಹಾಕಲು ದಿನಕ್ಕೆರಡು ಸಲ ಮನೆಯವರು ಕೈಯಿಡುವ ಜಾಗದಲ್ಲಿ ಬೆಸುಗೆಯ ತಂತಿಗಳನ್ನು ತೆರೆದಿಡುವುದು ಸರಿಯಲ್ಲ. ಬೆಸುಗೆಯ ಕಾವಿಗೆ ದೀಪದ ಬುಡದ ಪ್ಲಾಸ್ಟಿಕ್ ಮೆತ್ತಗಾಗಿ ಪಿನ್ನುಗಳೂ ಸಡಿಲವಾಗುತ್ತವೆ. ನಿಮಗೆ ಆತುರಪಡಬೇಕಾದ ಕಾರಣವೂ ಇಲ್ಲ. ಮೀನುಗಳು ಬದುಕುವುದಕ್ಕೆ ದೀಪ ಬೇಕಾಗಿಲ್ಲ, ಕೋಣೆಯ ಹಗಲು ಬೆಳಕು ಅವುಗಳಿಗೆ ಸಾಕು. ತೊಟ್ಟಿಯಲ್ಲಿ ಸಸ್ಯಗಳಿದ್ದರೂ ಅವು ಒಂದು ವಾರದ ಮಂದ ಬೆಳಕನ್ನು ತಾಳಿಕೊಳ್ಳುತ್ತವೆ. ಆದ್ದರಿಂದ ಪ್ಲಗ್ಗನ್ನು ತೆಗೆದಿಟ್ಟು, ಸಮಾಧಾನದಿಂದ ಹುಡುಕಿರಿ.

ನಿಮಗೆ ಬೇಕಾದ ಹೋಲ್ಡರಿನ ಹೆಸರು 2ಜಿ11. ಅಂಗಡಿಯಲ್ಲಿ ‘ಅಕ್ವೇರಿಯಂ ಹೋಲ್ಡರ್’ ಎಂದು ಕೇಳಿದರೆ ಯಾರಿಗೂ ತಿಳಿಯುವುದಿಲ್ಲ. ನಿಮಗೆ ‘ಬರೂದಿಲ್ರೀ’ ಎಂಬ ಉತ್ತರ ಸಿಕ್ಕಿರುವುದಕ್ಕೆ ಇದೇ ಕಾರಣವಿರಬಹುದೆಂದು ನನಗನಿಸುತ್ತದೆ, ಏಕೆಂದರೆ ಈ ಹೋಲ್ಡರ್ ಅಕ್ವೇರಿಯಂಗಾಗಿ ಹುಟ್ಟಿದ ವಸ್ತುವೇ ಅಲ್ಲ. ಬ್ಯಾಂಕು, ಆಸ್ಪತ್ರೆ, ಕಚೇರಿಗಳ ಫಾಲ್ಸ್ ಸೀಲಿಂಗಿನಲ್ಲಿ ಎರಡಡಿ ಚೌಕದ ದೀಪಪೆಟ್ಟಿಗೆಗಳು ಇರುತ್ತಿದ್ದವಲ್ಲ, ಅವುಗಳೊಳಗೆ ಇದ್ದದ್ದು ಇದೇ 36 ವ್ಯಾಟಿನ ದೀಪ, ಇದೇ ಹೋಲ್ಡರ್. ದೀಪವನ್ನು ಫಿಲಿಪ್ಸ್ ಕಂಪನಿ ಪಿಎಲ್-ಎಲ್ ಎಂದು ಕರೆದರೆ, ಒಸ್ರಾಮ್ ಡುಲಕ್ಸ್-ಎಲ್ ಎಂದು ಕರೆಯಿತು. ಹೆಸರು ಬೇರೆಯಾದರೂ ಬುಡ ಒಂದೇ. ಬುಡದ ಸಂಕೇತವನ್ನು ಓದುವ ಕ್ರಮ ಸರಳವಾದದ್ದು. ‘ಜಿ’ ಎಂದರೆ ಪಿನ್ನಿನ ಬುಡ, ಅದರ ಮುಂದಿನ ಅಂಕಿ ಪಿನ್ನುಗಳ ನಡುವಿನ ಅಂತರದ ಮಿಲಿಮೀಟರ್ ಅಳತೆ. ಮನೆಯ ದಪ್ಪ ಟ್ಯೂಬ್‌ಲೈಟಿನ ಬುಡ ಜಿ13, ತೆಳ್ಳನೆಯ ಟಿ5 ಟ್ಯೂಬಿನದು ಜಿ5. ಕೊನೆಯಲ್ಲಿ ‘ಡಿ’ ಇದ್ದರೆ ಎರಡು ಪಿನ್ನು, ‘ಕ್ಯೂ’ ಇದ್ದರೆ ನಾಲ್ಕು.

ಸಾಲಾಗಿ ನಾಲ್ಕು ಪಿನ್ನು ಇದ್ದ ಮಾತ್ರಕ್ಕೆ 2ಜಿ11 ಎಂದು ತೀರ್ಮಾನಿಸುವಂತಿಲ್ಲ. 5ರಿಂದ 11 ವ್ಯಾಟಿನವರೆಗಿನ ಸಣ್ಣ ದೀಪಗಳಿಗೆ 2ಜಿ7 ಎಂಬ ಚಿಕ್ಕ ಬುಡವಿದೆ, ಅದರಲ್ಲೂ ಪಿನ್ನುಗಳು ಸಾಲಾಗಿಯೇ ಇರುತ್ತವೆ. ಅಗಲವಾಗಿ ಚಪ್ಪಟೆಯಾಗಿರುವ ನಾಲ್ಕು ಕೊಳವೆಗಳ ದೀಪಕ್ಕೆ 2ಜಿ10 ಎಂಬ ಇನ್ನೊಂದು ಬುಡ. ಖಚಿತಪಡಿಸಿಕೊಳ್ಳಲು ನಿಮ್ಮ ದೀಪದ ಉದ್ದವನ್ನು ಅಳೆಯಿರಿ. 2ಜಿ11 ಬುಡದ ದೀಪಗಳಲ್ಲಿ 18 ವ್ಯಾಟಿನದು ಸುಮಾರು 22 ಸೆಂಟಿಮೀಟರ್, 24 ವ್ಯಾಟಿನದು 32, 36 ವ್ಯಾಟಿನದು 41, 55 ವ್ಯಾಟಿನದು 53 ಸೆಂಟಿಮೀಟರ್ ಉದ್ದವಿರುತ್ತವೆ. ಬುಡದ ಅಡಿಯಲ್ಲಿಯೂ ಹಳೆಯ ಹೋಲ್ಡರಿನ ಬೆನ್ನಿನ ಮೇಲೂ ಸಂಕೇತವನ್ನು ಅಚ್ಚೊತ್ತಿರುತ್ತಾರೆ. ಪ್ಲಾಸ್ಟಿಕ್ ಕಂದಾಗಿದ್ದರೂ ಬ್ಯಾಟರಿ ಬೆಳಕನ್ನು ಓರೆಯಾಗಿ ಬಿಟ್ಟರೆ ಅಕ್ಷರಗಳು ಕಾಣುತ್ತವೆ.

ಅಂಗಡಿಗೆ ಹೋಗುವಾಗ ಹಳೆಯ ಹೋಲ್ಡರನ್ನು ಚೀಲದಲ್ಲಿ ಒಯ್ಯಿರಿ, ಬರೀ ನೆನಪನ್ನು ನಂಬಬೇಡಿ. ಹಲವು ವರ್ಷಗಳ ಹಿಂದೆ ನಾನು ಬೆಳಗಾವಿಯಿಂದ ರಾತ್ರಿ ಬಸ್ಸಿನಲ್ಲಿ ಮುಂಬಯಿಗೆ ಹೋಗಿ, ಲೋಹಾರ್ ಚಾಳಿನ ಎಲೆಕ್ಟ್ರಿಕಲ್ ಮಾರುಕಟ್ಟೆಯಲ್ಲಿ ಬಾಯಿಮಾತಿನಲ್ಲಿ ವಿವರಿಸಿ ಆರು ಹೋಲ್ಡರುಗಳನ್ನು ತಂದಿದ್ದೆ. ಮನೆಗೆ ಬಂದು ನೋಡಿದರೆ ಆರೂ 2ಜಿ7. ಬುಡದ ಸಂಕೇತದ ಜೊತೆಗೆ ಇನ್ನೆರಡು ಸಂಗತಿಗಳು ಹೊಂದಬೇಕು. ಹೋಲ್ಡರ್ ಸ್ಕ್ರೂವಿನಿಂದ ಕೂರುವಂಥದೋ ತಗಡಿನ ತೂತಿಗೆ ಒತ್ತಿ ಕೂರಿಸುವಂಥದೋ ಎಂಬುದು ಒಂದು, ತಂತಿ ಅದರ ಹಿಂದಿನಿಂದ ಒಳಹೋಗುತ್ತದೆಯೋ ಪಕ್ಕದಿಂದಲೋ ಎಂಬುದು ಇನ್ನೊಂದು. ಸ್ಕ್ರೂ ತೂತುಗಳ ನಡುವಿನ ಅಂತರವನ್ನು ಅಳೆದು ಬರೆದುಕೊಳ್ಳಿ. ಹೋಲ್ಡರಿನ ಮೇಲೆ ‘ಟಿ140’ರಂತಹ ಗುರುತಿದ್ದರೆ ಅದು ಆ ಪ್ಲಾಸ್ಟಿಕ್ ತಾಳಿಕೊಳ್ಳುವ ಉಷ್ಣತೆಯನ್ನು ಸೆಲ್ಸಿಯಸ್‌ನಲ್ಲಿ ಹೇಳುತ್ತದೆ. ಬಿಜೆಬಿ, ವೊಸ್ಲೋ-ಶ್ವಾಬೆ ಎಂಬ ಜರ್ಮನ್ ತಯಾರಕರ ಹೋಲ್ಡರುಗಳಲ್ಲಿ ಈ ಗುರುತುಗಳು ಸ್ಪಷ್ಟವಾಗಿರುತ್ತವೆ. ಗುರುತೇ ಇಲ್ಲದ ಹೋಲ್ಡರನ್ನು ನಾನಾದರೆ ಕೊಳ್ಳುವುದಿಲ್ಲ.

ಇನ್ನು ಎಲ್ಲಿ ಸಿಗುತ್ತದೆ ಎಂಬ ಪ್ರಶ್ನೆ. ಮೀನಿನ ಅಂಗಡಿಗಳನ್ನು ಬಿಟ್ಟು, ಮೊದಲು ಗುಜರಿ ಅಂಗಡಿಗಳಲ್ಲಿ ವಿಚಾರಿಸಿರಿ. ಕಚೇರಿಗಳು ಹಳೆಯ ದೀಪಪೆಟ್ಟಿಗೆಗಳನ್ನು ಕಿತ್ತು ಎಲ್‌ಇಡಿ ಪ್ಯಾನಲ್ ಹಾಕಿಸುತ್ತ ಬಂದಿರುವುದರಿಂದ, ಹೋಲ್ಡರು, ಕ್ಲಿಪ್ಪು, ಚೋಕುಗಳ ಸಮೇತ ಇಡೀ ಪೆಟ್ಟಿಗೆಗಳು ತಗಡಿನ ತೂಕಕ್ಕೆ ಗುಜರಿ ಸೇರುತ್ತವೆ. ಫಾಲ್ಸ್ ಸೀಲಿಂಗಿನ ಒಣ ಜಾಗದಲ್ಲಿ ಇದ್ದ ಹೋಲ್ಡರ್ ಹತ್ತು ವರ್ಷ ದುಡಿದಿದ್ದರೂ ನೀರಿನ ಮೇಲೆ ಎರಡು ವರ್ಷ ಇದ್ದ ಹೋಲ್ಡರಿಗಿಂತ ಗಟ್ಟಿಯಾಗಿರುವುದನ್ನು ನಾನು ಕಂಡಿದ್ದೇನೆ. ಅಂಥದನ್ನು ಕೊಳ್ಳುವಾಗ ದೀಪದ ಬುಡವನ್ನು ಒಳಗೆ ಒತ್ತಿ ನೋಡಿ, ಬಿಗಿಯಾಗಿ ಕೂತರೆ ಒಳಗಿನ ತಗಡಿನ ಎಸಳುಗಳಲ್ಲಿ ಇನ್ನೂ ಬಿಗುವಿದೆ ಎಂದರ್ಥ. ಎರಡನೆಯದಾಗಿ, ಕಟ್ಟಡಗಳ ವೈರಿಂಗ್ ಗುತ್ತಿಗೆ ಮಾಡುವವರನ್ನೂ ಆಸ್ಪತ್ರೆಗಳ ನಿರ್ವಹಣೆ ನೋಡುವ ಎಲೆಕ್ಟ್ರಿಷಿಯನ್ನರನ್ನೂ ಕೇಳಿರಿ. ಬಿಡಿಭಾಗಗಳ ಹಳೆಯ ದಾಸ್ತಾನು ಉಳಿದಿರುವುದು ಅಂಥವರ ಬಳಿಯೇ. ವಿಜಯಪುರದವರಾದ ನಿಮಗೆ ಸುಮಾರು 100 ಕಿಲೋಮೀಟರ್ ದೂರದ ಸೊಲ್ಲಾಪುರ ಹತ್ತಿರ. ಬೆಳಗಾವಿಯ ಕಡೆಗೆ ಬಂದರೆ ಖಡೇಬಜಾರ, ಗಣಪತ ಗಲ್ಲಿಗಳ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿಯೂ, ಕಾರ್ಖಾನೆಗಳಿಗೆ ಸಾಮಾನು ಪೂರೈಸುವ ಉದ್ಯಮಬಾಗದ ವ್ಯಾಪಾರಿಗಳಲ್ಲಿಯೂ ವಿಚಾರಿಸಬಹುದು. ಬೆಂಗಳೂರಿಗೆ ಹೋಗುವವರಿದ್ದರೆ ಎಸ್.ಪಿ. ರಸ್ತೆಗೆ ಹಳೆಯ ಹೋಲ್ಡರನ್ನು ಕೊಟ್ಟು ಕಳುಹಿಸಿರಿ. ಸಿಕ್ಕಾಗ ನಾಲ್ಕು ಕೊಂಡಿಡಿ, ಎರಡು ಈಗಿನ ಕೆಲಸಕ್ಕೆ, ಎರಡು ಮುಂದಕ್ಕೆ. ಬಲಗಡೆಯ ಹೋಲ್ಡರಿಗೂ ಹನ್ನೊಂದು ವರ್ಷವೇ ಆಗಿದೆ, ಆದ್ದರಿಂದ ಎರಡನ್ನೂ ಒಟ್ಟಿಗೇ ಬದಲಿಸಿರಿ.

ಅಳವಡಿಸುವ ಕೆಲಸವನ್ನು ಟೆಸ್ಟರು, ಮಲ್ಟಿಮೀಟರು ಬಳಸಿ ರೂಢಿಯಿದ್ದವರು ಮನೆಯಲ್ಲಿಯೇ ಮಾಡಬಹುದು. ರೂಢಿಯಿಲ್ಲದಿದ್ದರೆ ಅದೇ ಎಲೆಕ್ಟ್ರಿಷಿಯನ್ನರಿಗೆ ಹೊಸ ಹೋಲ್ಡರ್ ಕೊಟ್ಟು ಮಾಡಿಸಿರಿ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಗೋಡೆಯಿಂದ ಕಿತ್ತು, ಚೋಕಿನೊಳಗಿನ ಕೆಪಾಸಿಟರ್ ಇಳಿಯಲು ಐದು ನಿಮಿಷ ಬಿಡಬೇಕು. ಮುಚ್ಚಳವನ್ನು ತೊಟ್ಟಿಯ ಮೇಲಿಂದ ಇಳಿಸಿ ಮೇಜಿನ ಮೇಲೆ ಇಟ್ಟುಕೊಳ್ಳಿ. ದೀಪದ ನಾಲ್ಕು ಪಿನ್ನುಗಳಲ್ಲಿ ಒಂದು ಬದಿಯ ಎರಡು ಒಂದು ತಂತುವಿನವು (ದೀಪದೊಳಗೆ ಕಾಯುವ ಎಳೆ, ಫಿಲಮೆಂಟ್), ಇನ್ನೊಂದು ಬದಿಯ ಎರಡು ಮತ್ತೊಂದು ತಂತುವಿನವು. ಮಲ್ಟಿಮೀಟರಿನಿಂದ ಮುಟ್ಟಿ ನೋಡಿದರೆ ಒಂದೇ ಜೋಡಿಯ ಪಿನ್ನುಗಳ ನಡುವೆ ಕೆಲವೇ ಓಮ್ ತೋರಿಸಬೇಕು, ಒಂದು ಜೋಡಿಗೂ ಇನ್ನೊಂದು ಜೋಡಿಗೂ ನಡುವೆ ಏನೂ ತೋರಿಸಬಾರದು. ಚೋಕಿನಿಂದ ಬರುವ ನಾಲ್ಕು ತಂತಿಗಳಲ್ಲಿ ಯಾವ ಎರಡು ಯಾವ ಜೋಡಿಗೆ ಹೋಗುತ್ತವೆ ಎಂಬುದನ್ನು ಕೀಳುವ ಮೊದಲೇ ಟೇಪಿನ ತುಂಡಿನ ಮೇಲೆ ಬರೆದು ಅಂಟಿಸಿರಿ, ಒಂದು ಫೋಟೋ ಕೂಡ ತೆಗೆದಿಟ್ಟುಕೊಳ್ಳಿ. ಒಂದು ಜೋಡಿಯ ತಂತಿ ಇನ್ನೊಂದು ಜೋಡಿಗೆ ಸೇರಿಹೋದರೆ ತಂತುಗಳು ಕಾಯದೆ ದೀಪ ಹೊತ್ತುವುದಿಲ್ಲ, ಚೋಕೂ ಕೆಡಬಹುದು. ಚೋಕಿನ ಮೇಲಿನ ಚೀಟಿಯಲ್ಲಿ ಈ ನಕ್ಷೆಯನ್ನು ಸಾಮಾನ್ಯವಾಗಿ ಮುದ್ರಿಸಿರುತ್ತಾರೆ.

ಈ ಹೋಲ್ಡರುಗಳಲ್ಲಿ ಬಹಳಷ್ಟಕ್ಕೆ ತಂತಿಯನ್ನು ಬಿಗಿಯುವ ಸ್ಕ್ರೂ ಇರುವುದಿಲ್ಲ. ಎಂಟೊಂಬತ್ತು ಮಿಲಿಮೀಟರ್ ಸುಲಿದ ತಂತಿಯನ್ನು ತೂತಿನೊಳಗೆ ಒತ್ತಿದರೆ ಒಳಗಿನ ಎಸಳು ಅದನ್ನು ಕಚ್ಚಿಕೊಳ್ಳುತ್ತದೆ. ಒಂಟಿ ಎಳೆಯ ತಾಮ್ರದ ತಂತಿಯಾದರೆ ಸಲೀಸಾಗಿ ಹೋಗುತ್ತದೆ. ಹಲವು ಎಳೆಗಳ ತಂತಿಯಾಗಿದ್ದರೆ ತುದಿಗೆ ತವರ ಹಚ್ಚಿ ಗಟ್ಟಿ ಮಾಡಿಕೊಳ್ಳಬೇಕು, ಹೊರಗುಳಿದ ಒಂದು ಎಳೆ ಸಾಕು ಪಕ್ಕದ ತಂತಿಗೆ ತಾಗಿ ಕಿಡಿ ಹಾರಲು. ಹಳೆಯ ತಂತಿಯ ತುದಿ ಕಪ್ಪಾಗಿದ್ದರೆ ಅಷ್ಟನ್ನು ಕತ್ತರಿಸಿ ಹೊಸದಾಗಿ ಸುಲಿಯಿರಿ. ದೀಪದ ಇನ್ನೊಂದು ತುದಿಯನ್ನು ಹಿಡಿದಿಡುವ ಕ್ಲಿಪ್ಪು ಮುರಿದಿದೆಯೇ ಎಂದೂ ನೋಡಿ. 41 ಸೆಂಟಿಮೀಟರ್ ಉದ್ದದ ದೀಪ ಒಂದು ತುದಿಯಿಂದಷ್ಟೇ ಜೋತುಬಿದ್ದರೆ ಅದರ ಭಾರವೆಲ್ಲ ಹೋಲ್ಡರಿನ ಎಸಳುಗಳ ಮೇಲೆ ಬೀಳುತ್ತದೆ, ಎಷ್ಟೋ ಹೋಲ್ಡರುಗಳು ಸೀಳುವುದೇ ಹೀಗೆ.

ಕೊನೆಗೆ, ಸುಟ್ಟ ಹೋಲ್ಡರಿನಲ್ಲಿದ್ದ ದೀಪದ ಪಿನ್ನುಗಳನ್ನು ಚೆನ್ನಾಗಿ ಪರೀಕ್ಷಿಸಿರಿ. ಅವು ಕಪ್ಪಾಗಿ ಕಚ್ಚುಬಿದ್ದಿದ್ದರೆ, ಅಥವಾ ದೀಪದ ಬುಡವೇ ಕಂದಾಗಿದ್ದರೆ, ಆ ದೀಪವನ್ನು ಹೊಸ ಹೋಲ್ಡರಿಗೆ ಹಾಕಬೇಡಿ. ನಿಮ್ಮಲ್ಲಿ ಹೊಸ ಜೊತೆ ಇದೆ, ಅದನ್ನೇ ಬಳಸಿರಿ.

ಪ್ರಶ್ನೆ: ಚಿಕ್ಕ ಅಕ್ವೇರಿಯಂ ಒಂದರಲ್ಲಿ 11 ವ್ಯಾಟಿನ, ಎರಡು ಪಿನ್ನಿನ ದೀಪವಿದೆ. ಅದರ ಹೋಲ್ಡರ್ ಒಡೆದಿದೆ. ಅಂಗಡಿಯಲ್ಲಿ 11 ವ್ಯಾಟಿನದೇ ಆದ ನಾಲ್ಕು ಪಿನ್ನಿನ ದೀಪವೂ ಅದರ ಹೋಲ್ಡರೂ ಸಿಕ್ಕಿವೆ. ಎರಡನ್ನೂ ಬದಲಿಸಿದರೆ ಸಾಕೇ?
— ಓದುಗರು, ಗೋಕಾಕ

ಉತ್ತರ: ಸಾಲದು. ಎರಡು ಪಿನ್ನಿನ ದೀಪದ ಬುಡದೊಳಗೇ ಸ್ಟಾರ್ಟರ್ ಅಡಗಿರುತ್ತದೆ, ಆದ್ದರಿಂದ ಅದು ಹಳೆಯ ಕಬ್ಬಿಣದ ಚೋಕಿನೊಂದಿಗೆ ನಡೆಯುತ್ತದೆ. ನಾಲ್ಕು ಪಿನ್ನಿನ ದೀಪದಲ್ಲಿ ಸ್ಟಾರ್ಟರ್ ಇಲ್ಲ. ಅದಕ್ಕೆ ಎಲೆಕ್ಟ್ರಾನಿಕ್ ಚೋಕ್ ಬೇಕು, ಇಲ್ಲವೇ ಹೊರಗಿನಿಂದ ಬೇರೆ ಸ್ಟಾರ್ಟರ್ ಜೋಡಿಸಬೇಕು. ಅಷ್ಟು ಬದಲಾವಣೆಗಿಂತ ನಿಮ್ಮ ಹಳೆಯ ಹೋಲ್ಡರನ್ನೇ ಹುಡುಕುವುದು ಸುಲಭ. ಅದರ ಹೆಸರು ಜಿ23. ಎರಡು ಪಿನ್ನುಗಳ ನಡುವೆ 23 ಮಿಲಿಮೀಟರ್ ಅಂತರವಿದ್ದು, ಮಧ್ಯದಲ್ಲಿ ಚೌಕಾಕಾರದ ಉಬ್ಬು ಇರುತ್ತದೆ, ಸ್ಟಾರ್ಟರ್ ಇರುವುದು ಆ ಉಬ್ಬಿನಲ್ಲಿ. ಮಕ್ಕಳು ಓದಲು ಬಳಸುತ್ತಿದ್ದ ಮಡಚುವ ಟೇಬಲ್ ಲ್ಯಾಂಪುಗಳಲ್ಲಿ 9 ಮತ್ತು 11 ವ್ಯಾಟಿನ ಇದೇ ದೀಪ, ಇದೇ ಹೋಲ್ಡರ್ ಇರುತ್ತಿದ್ದವು. ಮನೆಯ ಅಟ್ಟದ ಮೇಲೆ ಒಂದು ಇದ್ದರೂ ಇದ್ದೀತು.

ಒಂದು ಮಾತನ್ನು ಮಾತ್ರ ತಪ್ಪದೆ ಗಮನಿಸಬೇಕು. ನೀರಿನ ರೋಗಾಣುಗಳನ್ನು ಕೊಲ್ಲುವ ಯುವಿ ದೀಪಗಳೂ ಜಿ23 ಮತ್ತು 2ಜಿ11 ಬುಡಗಳಲ್ಲಿಯೇ ಬರುತ್ತವೆ, ನಿಮ್ಮ ಹೋಲ್ಡರಿನಲ್ಲಿ ಅವು ಸರಿಯಾಗಿಯೇ ಕೂರುತ್ತವೆ, ಹೊತ್ತಿಕೊಳ್ಳುತ್ತವೆ ಕೂಡ. ಸಾಮಾನ್ಯ ದೀಪದ ಗಾಜಿನ ಒಳಗೋಡೆಗೆ ಬಿಳಿಯ ಪುಡಿಯ ಲೇಪವಿರುತ್ತದೆ. ಯುವಿ ದೀಪದ ಗಾಜು ನೀರಿನಂತೆ ಪಾರದರ್ಶಕ. ಅಂತಹ ದೀಪವನ್ನು ತೆರೆದ ಮುಚ್ಚಳದಲ್ಲಿ ಹೊತ್ತಿಸಿದರೆ ನೋಡುವವರ ಕಣ್ಣಿಗೂ ಚರ್ಮಕ್ಕೂ ಗಾಯವಾಗುತ್ತದೆ. ಹಳೆಯ ದಾಸ್ತಾನಿನಿಂದ ದೀಪ ಕೊಳ್ಳುವಾಗ ಗಾಜಿನೊಳಗೆ ಬಿಳಿ ಲೇಪ ಕಾಣದಿದ್ದರೆ ಕೈಯಲ್ಲಿ ಹಿಡಿದದ್ದನ್ನು ಅಲ್ಲಿಯೇ ಬಿಟ್ಟು ಬನ್ನಿರಿ.

ಪ್ರಶ್ನೆ: ನನ್ನ ಅಕ್ವೇರಿಯಂನಲ್ಲಿ 2ಜಿ11 ಹೋಲ್ಡರುಗಳಿವೆ. ಎಂಟು ತಿಂಗಳಲ್ಲಿ ಒಂದೇ ಜಾಗದ ಹೋಲ್ಡರನ್ನು ಎರಡು ಸಲ ಬದಲಿಸಿದೆ, ಎರಡೂ ಸುಟ್ಟವು. ಹೋಲ್ಡರುಗಳೇ ಕಳಪೆಯೇ?
— ಓದುಗರು, ಶಹಾಪುರ, ಬೆಳಗಾವಿ

ಉತ್ತರ: ಒಂದೇ ಜಾಗದಲ್ಲಿ ಎರಡು ಸಲ ಸುಟ್ಟಿದೆ ಎಂದು ಬರೆದಿದ್ದೀರಿ, ಉತ್ತರದ ಸುಳಿವು ಅದರಲ್ಲಿಯೇ ಇದೆ. ಪಕ್ಕದ ಹೋಲ್ಡರ್ ಅದೇ ತಯಾರಿಕೆಯದಾಗಿದ್ದೂ ಚೆನ್ನಾಗಿದ್ದರೆ ದೋಷ ಹೋಲ್ಡರಿನದಲ್ಲ. ಆ ಜಾಗಕ್ಕೆ ತಲುಪುತ್ತಿರುವ ಶಾಖ, ತೇವ, ಇಲ್ಲವೇ ವಿದ್ಯುತ್ತು ಅದನ್ನು ಸುಡುತ್ತಿದೆ.

ನನ್ನ ಮೊದಲ ಅನುಮಾನ ಮುಪ್ಪಾದ ದೀಪದ ಮೇಲೆ. ದೀಪದ ತುದಿಯ ತಂತುಗಳಿಗೆ ಎಲೆಕ್ಟ್ರಾನುಗಳನ್ನು ಸಲೀಸಾಗಿ ಹೊರಬಿಡುವ ಒಂದು ಲೇಪವಿರುತ್ತದೆ. ವರ್ಷಗಳು ಕಳೆದಂತೆ ಅದು ಸವೆದು, ಸಾಮಾನ್ಯವಾಗಿ ಎರಡರಲ್ಲಿ ಒಂದು ತಂತು ಮೊದಲು ಬರಿದಾಗುತ್ತದೆ. ಆಗಲೂ ಚೋಕ್ ದೀಪವನ್ನು ಎಳೆದು ನಡೆಸುತ್ತಲೇ ಇದ್ದರೆ, ಬರಿದಾದ ತಂತುವಿನ ಬಳಿ ಶಕ್ತಿಯೆಲ್ಲ ಶಾಖವಾಗಿ, ಗಾಜು, ಬುಡ, ಹೋಲ್ಡರ್ ಮೂರೂ ಕಾಯುತ್ತವೆ. ಒಳ್ಳೆಯ ಚೋಕ್ ಇದನ್ನು ಗುರುತಿಸಿ ದೀಪವನ್ನು ಆರಿಸಿಬಿಡುತ್ತದೆ. ಅಗ್ಗದ ಮುಚ್ಚಳಗಳ ಚೋಕುಗಳಲ್ಲಿ ಈ ರಕ್ಷಣೆ ಇರುವುದಿಲ್ಲ. ದೀಪದ ತುದಿಯ ಗಾಜು ಕಪ್ಪಾಗಿದೆಯೇ, ಹೊತ್ತಿಸಿದಾಗ ಒಂದು ತುದಿ ಕಿತ್ತಳೆ ಬಣ್ಣದಲ್ಲಿ ಕೆಂಡದಂತೆ ಹೊಳೆಯುತ್ತದೆಯೇ ನೋಡಿ. ಹೌದಾದರೆ ಎರಡು ಸಲವೂ ಹೋಲ್ಡರನ್ನು ಸುಟ್ಟದ್ದು ಆ ಒಂದೇ ದೀಪ, ನೀವು ಅದನ್ನು ಬದಲಿಸದೆ ಹೋಲ್ಡರನ್ನಷ್ಟೇ ಬದಲಿಸುತ್ತಿದ್ದೀರಿ. ಮುಪ್ಪಾದ ದೀಪ ಇನ್ನೂ ಬೆಳಗುತ್ತಿದೆಯಲ್ಲ ಎಂದು ಇಟ್ಟುಕೊಳ್ಳುವ ಅಭ್ಯಾಸ ನಮ್ಮೆಲ್ಲರಲ್ಲೂ ಇದೆ. ಅಕ್ವೇರಿಯಂನಲ್ಲಿ ಸಸ್ಯ ಬೆಳೆಸುವವರು ವರ್ಷಕ್ಕೊಮ್ಮೆ ದೀಪ ಬದಲಿಸುವುದು ಬೆಳಕು ಕುಂದುತ್ತದೆ ಎಂಬ ಕಾರಣಕ್ಕಾದರೂ, ಹೋಲ್ಡರಿಗೂ ಅದರಿಂದ ಆಯುಸ್ಸು ಸಿಗುತ್ತದೆ.

ಎರಡನೆಯ ಅನುಮಾನ ವ್ಯಾಟಿನದು. ಕೆಲವು ಬುಡಗಳಲ್ಲಿ ತಪ್ಪು ದೀಪ ಕೂರದಂತೆ ತೋಡುಗಳನ್ನೂ ಹಲ್ಲುಗಳನ್ನೂ ಕೊಟ್ಟಿರುತ್ತಾರೆ. ಜಿ24ಕ್ಯೂ ಬುಡದಲ್ಲಿ 13, 18, 26 ವ್ಯಾಟಿನ ದೀಪಗಳಿಗೆ ಬೇರೆ ಬೇರೆ ಹಲ್ಲುಗಳಿದ್ದು, ಒಂದರ ಜಾಗದಲ್ಲಿ ಇನ್ನೊಂದು ಹೋಗುವುದಿಲ್ಲ. 2ಜಿ11ರಲ್ಲಿ ಈ ಕಾವಲು ಇಲ್ಲ. 18ರಿಂದ 55 ವ್ಯಾಟಿನವರೆಗಿನ ಯಾವ ದೀಪವಾದರೂ ಅದರಲ್ಲಿ ಕೂರುತ್ತದೆ. ಚೋಕಿನ ಮೇಲೆ ಬರೆದಿರುವ ವ್ಯಾಟೂ ದೀಪದ ಮೇಲಿನ ವ್ಯಾಟೂ ಒಂದೇ ಆಗಿವೆಯೇ ಎಂದು ಒಮ್ಮೆ ಓದಿ ನೋಡಿರಿ.

ಮೂರನೆಯದು ತೇವ. ಏರ್ ಪಂಪಿನ ಗುಳ್ಳೆಗಳು ನೀರಿನ ಮೇಲ್ಮೈಯಲ್ಲಿ ಒಡೆದಾಗಲೆಲ್ಲ ಸಣ್ಣ ಹನಿಗಳು ಮೇಲಕ್ಕೆ ಸಿಡಿಯುತ್ತವೆ. ನೀರು ಆರಿಹೋಗಿ ಅದರೊಳಗಿನ ಸುಣ್ಣವೂ ಲವಣವೂ ಪಿನ್ನಿನ ಬಳಿ ಬಿಳಿಯ ಪದರವಾಗಿ ಉಳಿಯುತ್ತವೆ, ತಾಮ್ರದ ಎಸಳಿನ ಮೇಲೆ ಹಸಿರು ಕಿಲುಬು ಹಿಡಿಯುತ್ತದೆ. ಕಿಲುಬು ಹಿಡಿದ ಜಾಗದಲ್ಲಿ ಸಂಪರ್ಕ ಸಡಿಲವಾಗಿ, ಸಡಿಲವಾದಲ್ಲಿ ಸಣ್ಣ ಕಿಡಿ ಹುಟ್ಟಿ, ಆ ಕಿಡಿಯ ಶಾಖ ಎಸಳಿನ ಬಿಗುವನ್ನು ಮತ್ತಷ್ಟು ತಗ್ಗಿಸುತ್ತದೆ. ರಾಕಸಕೊಪ್ಪ ಮತ್ತು ಹಿಡಕಲ್ ಜಲಾಶಯಗಳಿಂದ ಬೆಳಗಾವಿ ನಗರಕ್ಕೆ ಬರುವ ನಲ್ಲಿಯ ನೀರಿನಲ್ಲಿ ಸುಣ್ಣದ ಅಂಶ ಅಷ್ಟಾಗಿ ಇರುವುದಿಲ್ಲ. ನೀವು ಕೊಳವೆಬಾವಿಯ ನೀರನ್ನು ತುಂಬುತ್ತಿದ್ದರೆ ಅಥವಾ ಸಮುದ್ರದ ಮೀನುಗಳಿಗಾಗಿ ಉಪ್ಪುನೀರು ಇಟ್ಟಿದ್ದರೆ ಈ ಕಾರಣವನ್ನು ಮೊದಲಿಗೆ ತರಬೇಕಾಗುತ್ತದೆ. ಸುಡುತ್ತಿರುವ ಹೋಲ್ಡರಿನ ನೇರ ಕೆಳಗೆ ಗುಳ್ಳೆಕಲ್ಲು ಇದೆಯೇ? ಇದ್ದರೆ ಅದನ್ನು ತೊಟ್ಟಿಯ ಇನ್ನೊಂದು ಮೂಲೆಗೆ ಸರಿಸಿರಿ. ದೀಪಕ್ಕೂ ನೀರಿಗೂ ನಡುವೆ ಗಾಜಿನ ಹಲಗೆ ಇಲ್ಲದಿದ್ದರೆ 4 ಮಿಲಿಮೀಟರ್ ದಪ್ಪದ ಗಾಜನ್ನು ಅಳತೆಗೆ ಕತ್ತರಿಸಿ ಕೂರಿಸಿರಿ. ಇಷ್ಟರಿಂದಲೇ ಎಷ್ಟೋ ಮುಚ್ಚಳಗಳು ಉಳಿದುಕೊಂಡಿವೆ.

ಬಿಳಿಯ ಪದರ ಕಟ್ಟಿದ್ದು ಹೋಲ್ಡರ್ ಇನ್ನೂ ಗಟ್ಟಿಯಾಗಿದ್ದರೆ, ಪ್ಲಗ್ ಕಿತ್ತು, ತುಸು ವಿನಿಗರಿನಲ್ಲಿ ಅದ್ದಿದ ಬಟ್ಟೆಯಿಂದ ಪ್ಲಾಸ್ಟಿಕ್ಕನ್ನು ಒರೆಸಿ, ಮತ್ತೆ ಶುದ್ಧ ನೀರಿನ ಬಟ್ಟೆಯಿಂದ ಒರೆಸಿ, ಒಂದು ದಿನ ಪೂರ್ತಿ ಒಣಗಲು ಬಿಡಿ. ದೀಪದ ಪಿನ್ನುಗಳನ್ನು ನಯವಾದ ಉಜ್ಜುಕಾಗದದಿಂದ ಹಗುರವಾಗಿ ಉಜ್ಜಬಹುದು. ಕಂದಾದ, ಕರಗಿದ ಅಥವಾ ಸೀಳಿದ ಹೋಲ್ಡರಿಗೆ ಈ ಉಪಚಾರ ಮಾಡಬೇಡಿ. ಕರಕಲಾದ ಪ್ಲಾಸ್ಟಿಕ್ ತಾನೇ ವಿದ್ಯುತ್ತನ್ನು ಹರಿಯಬಿಡುತ್ತದೆ.

ನಿಮ್ಮ ಅಕ್ವೇರಿಯಂನ ಪ್ಲಗ್ ಪಾಯಿಂಟಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ವಿದ್ಯುತ್ತು ಸೋರಿದೊಡನೆ ಸಂಪರ್ಕ ಕಡಿಯುವ ಸ್ವಿಚ್) ರಕ್ಷಣೆ ಇಲ್ಲದಿದ್ದರೆ, ಮೂರನೆಯ ಹೋಲ್ಡರಿಗೆ ಹಣ ಕೊಡುವ ಮೊದಲು ಅದನ್ನು ಹಾಕಿಸಿರಿ. ತೊಟ್ಟಿಯಿಂದ ಗೋಡೆಗೆ ಹೋಗುವ ಪ್ರತಿಯೊಂದು ವೈರೂ ಪ್ಲಗ್ಗಿಗಿಂತ ಕೆಳಗೆ ಒಂದು ಬಳುಕು ಬಿದ್ದು ಮೇಲೇರಲಿ. ವೈರಿನ ಗುಂಟ ಜಾರಿ ಬರುವ ನೀರು ಆ ಬಳುಕಿನಲ್ಲಿ ನೆಲಕ್ಕೆ ತೊಟ್ಟಿಕ್ಕುತ್ತದೆ, ಪ್ಲಗ್ಗಿನೊಳಗೆ ಹೋಗುವುದಿಲ್ಲ.

ಪ್ರಶ್ನೆ: ನಮ್ಮದು ಚೀನಾದಲ್ಲಿ ತಯಾರಾದ ಮುಚ್ಚಳ. ದೀಪದ ನಾಲ್ಕು ಪಿನ್ನುಗಳು ಸಾಲಾಗಿಲ್ಲ, ಚೌಕದ ಮೂಲೆಗಳಂತೆ ಇವೆ. ಈ ಹೋಲ್ಡರ್ ಬಾಗಲಕೋಟೆಯಲ್ಲೂ ಹುಬ್ಬಳ್ಳಿಯಲ್ಲೂ ಸಿಗಲಿಲ್ಲ. ಹುಡುಕಾಟ ಬಿಟ್ಟು ಎಲ್‌ಇಡಿಗೆ ಹೋಗುವುದು ಒಳ್ಳೆಯದೇ? ಹಾಗೆ ಮಾಡಿದರೆ ಉಳಿಯುವ ಹಳೆಯ ದೀಪಗಳನ್ನು ಏನು ಮಾಡಬೇಕು?
— ಓದುಗರು, ನವನಗರ, ಬಾಗಲಕೋಟೆ

ಉತ್ತರ: ನಿಮ್ಮ ವಿಷಯದಲ್ಲಿ ಹೌದು, ಹುಡುಕಾಟ ಬಿಡುವುದೇ ಒಳ್ಳೆಯದು. ಚೌಕ ಪಿನ್ನಿನ ಬುಡದ ಹೆಸರು ಜಿವೈ10ಕ್ಯೂ. ಜಪಾನಿನ ದೀಪಗಳ ಪದ್ಧತಿಯಿಂದ ಬಂದ ಈ ಬುಡವನ್ನು ನಮ್ಮ ಕಚೇರಿ ಕಟ್ಟಡಗಳ ದೀಪಪೆಟ್ಟಿಗೆಗಳಲ್ಲಿ ನಾನು ಕಂಡಿಲ್ಲ, ಆದ್ದರಿಂದ ವಿಜಯಪುರದ ಓದುಗರಿಗೆ ಹೇಳಿದ ಗುಜರಿಯ ದಾರಿ ನಿಮಗೆ ಒದಗುವುದಿಲ್ಲ. ಹೋಲ್ಡರ್ ಎಲ್ಲೋ ಸಿಕ್ಕರೂ ಮುಂದಿನ ದೀಪಕ್ಕೆ ಮತ್ತೆ ಇದೇ ಅಲೆದಾಟ. ಚೋಕ್ ಗಟ್ಟಿಯಾಗಿದ್ದು, ಅದರ ಮೇಲೆ ಮುದ್ರಿಸಿದ ದೀಪಗಳ ಪಟ್ಟಿಯಲ್ಲಿ ಪಿಎಲ್-ಎಲ್ ದೀಪವೂ ಅದೇ ವ್ಯಾಟಿನಲ್ಲಿ ಸೇರಿದ್ದರೆ ಮಾತ್ರ, ಚೌಕದ ಹೋಲ್ಡರನ್ನು ಕಿತ್ತು 2ಜಿ11 ಹೋಲ್ಡರನ್ನೂ ಅದರ ದೀಪವನ್ನೂ ಹಾಕಬಹುದು. ಪಟ್ಟಿಯಲ್ಲಿ ಇಲ್ಲದಿದ್ದರೆ ಆ ಯೋಚನೆಯನ್ನು ಬಿಡಿ.

ಪಾದರಸವಿರುವ ದೀಪಗಳನ್ನು ಕೈಬಿಡುವ ಕೆಲಸವೂ ಜಗತ್ತಿನಾದ್ಯಂತ ಸಾಗಿದೆ. ಪಿನ್ನಿನ ಬುಡದ ಸಿಎಫ್‌ಎಲ್ ದೀಪಗಳನ್ನು ಯುರೋಪಿನ ಒಕ್ಕೂಟ 2023ರ ಫೆಬ್ರವರಿಯಿಂದ ಮಾರುಕಟ್ಟೆಗೆ ಬಿಡದಂತೆ ತಡೆಯಿತು. ಭಾರತವೂ 2018ರಲ್ಲಿ ಅನುಮೋದಿಸಿರುವ ಪಾದರಸದ ಬಳಕೆಯನ್ನು ತಡೆಯುವ ಮಿನಮಾಟಾ ಒಪ್ಪಂದದ ದೇಶಗಳು, ಟ್ಯೂಬ್‌ಲೈಟ್ ಬಗೆಯ ಎಲ್ಲ ದೀಪಗಳ ತಯಾರಿಕೆಯನ್ನೂ ಆಮದು ರಫ್ತುಗಳನ್ನೂ 2027ರ ವೇಳೆಗೆ ನಿಲ್ಲಿಸಲು 2023ರ ಸಭೆಯಲ್ಲಿ ನಿರ್ಧರಿಸಿವೆ. ಮನೆಯಲ್ಲಿ ದೀಪಗಳನ್ನು ಇಟ್ಟುಕೊಂಡಿರುವವರು ಹೋಲ್ಡರ್ ಹುಡುಕಿ ಅವುಗಳನ್ನು ಪೂರ್ತಿ ಬಳಸುವುದು ಸರಿ. ದೀಪವೂ ಇಲ್ಲ, ಹೋಲ್ಡರೂ ಇಲ್ಲ ಎಂಬ ಸ್ಥಿತಿಯಲ್ಲಿರುವವರು ಹಳೆಯ ಪದ್ಧತಿಗೆ ಹೊಸದಾಗಿ ಹಣ ಹಾಕಬಾರದು.

ಎಲ್‌ಇಡಿಗೆ ಬದಲಾಯಿಸುವಾಗ ಎರಡು ದಾರಿಗಳಿವೆ. ಪಿಎಲ್ ದೀಪದ ಆಕಾರದಲ್ಲಿಯೇ ಬರುವ, ಹೋಲ್ಡರಿನಲ್ಲಿ ಕೂರುವ ಎಲ್‌ಇಡಿ ದೀಪಗಳು ಒಂದು. ಇವುಗಳಲ್ಲಿ ಕೆಲವು ಹಳೆಯ ಚೋಕಿನೊಂದಿಗೆ ನಡೆಯುತ್ತವೆ, ಕೆಲವು ಚೋಕನ್ನು ತೆಗೆದು ನೇರವಾಗಿ 230 ವೋಲ್ಟ್ ಕೊಟ್ಟರೆ ಮಾತ್ರ ನಡೆಯುತ್ತವೆ. ನೇರ ವೋಲ್ಟಿನ ಹೋಲ್ಡರಿಗೆ ಮುಂದೊಂದು ದಿನ ಯಾರಾದರೂ ತಿಳಿಯದೆ ಹಳೆಯ ಸಿಎಫ್‌ಎಲ್ ಸಿಕ್ಕಿಸಿದರೆ, ವಿದ್ಯುತ್ತಿಗೆ ತಡೆಯೇ ಇಲ್ಲದೆ ದೀಪ ಸಿಡಿಯಬಹುದು. ಅಕ್ವೇರಿಯಂಗೆ ನಾನು ಈ ದಾರಿಯನ್ನು ಸೂಚಿಸುವುದಿಲ್ಲ. ಹೋಲ್ಡರು, ಚೋಕು ಎರಡನ್ನೂ ಕಿತ್ತುಹಾಕಿ, 12 ವೋಲ್ಟಿನ ಮುಚ್ಚಿದ ಎಲ್‌ಇಡಿ ಪಟ್ಟಿಯನ್ನು ಮುಚ್ಚಳದೊಳಗೆ ಕೂರಿಸಿ, ಅದರ ಅಡಾಪ್ಟರನ್ನು ತೊಟ್ಟಿಯಿಂದ ದೂರ ಗೋಡೆಯ ಮೇಲೆ ಇಡುವುದೇ ನನ್ನ ಮನಸ್ಸಿಗೆ ಒಪ್ಪುವ ದಾರಿ, ಏಕೆಂದರೆ ಆಗ ನೀರಿನ ಮೇಲೆ ಇರುವುದು 12 ವೋಲ್ಟ್ ಮಾತ್ರ. ಪಟ್ಟಿಯ ಮೇಲೆ ಐಪಿ67 ಎಂಬ ಗುರುತಿರಲಿ. ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಒಳಗೆ ನೀರು ಹೋಗದು ಎಂದು ಅದರ ಅರ್ಥ. ಬೆಳಕಿನ ಲೆಕ್ಕಕ್ಕೆ ಇಷ್ಟು ನೆನಪಿಡಿ. 36 ವ್ಯಾಟಿನ ಪಿಎಲ್-ಎಲ್ ದೀಪ ಸುಮಾರು 2900 ಲ್ಯೂಮೆನ್ ಕೊಡುತ್ತದೆ, ಆದರೆ ಅದರಲ್ಲಿ ಅರ್ಧದಷ್ಟು ಮೇಲಕ್ಕೆ ಹೋಗಿ ಮುಚ್ಚಳಕ್ಕೆ ಬಡಿಯುತ್ತದೆ. ಎಲ್‌ಇಡಿ ಬೆಳಕು ಕೆಳಮುಖವಾಗಿಯೇ ಬೀಳುವುದರಿಂದ ಸುಮಾರು 2000 ಲ್ಯೂಮೆನ್ ಇದ್ದರೂ ತೊಟ್ಟಿಯಲ್ಲಿ ಕೊರತೆ ಕಾಣುವುದಿಲ್ಲ. ಸಸ್ಯಗಳಿಗೆ 6500 ಕೆಲ್ವಿನ್ನಿನ ಹಗಲು ಬೆಳಕಿನ ಬಣ್ಣವನ್ನು ಆರಿಸಿರಿ.

ಹಳೆಯ ದೀಪಗಳನ್ನು ದಯವಿಟ್ಟು ಮನೆಯ ಕಸದೊಂದಿಗೆ ಹಾಕಬೇಡಿ. ಪ್ರತಿಯೊಂದರಲ್ಲಿಯೂ ಕೆಲವು ಮಿಲಿಗ್ರಾಂ ಪಾದರಸವಿದೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಈ ದೀಪಗಳೂ ಬರುತ್ತವೆ. ಒಡೆಯದಂತೆ ರಟ್ಟಿನ ಪೆಟ್ಟಿಗೆಯಲ್ಲಿ ಸುತ್ತಿಟ್ಟು, ನಗರಸಭೆಯವರು ಇ-ತ್ಯಾಜ್ಯ ಸಂಗ್ರಹಿಸುವಾಗ ಕೊಡಿ. ಅಕಸ್ಮಾತ್ ಕೈಜಾರಿ ಒಡೆದರೆ ಕಿಟಕಿಗಳನ್ನು ತೆರೆದು, ಫ್ಯಾನ್ ಹಚ್ಚದೆ, ಮಕ್ಕಳನ್ನು ಹೊರಗೆ ಕಳುಹಿಸಿ ಕಾಲು ಗಂಟೆ ಬಿಡಿ. ಪೊರಕೆ ಹಚ್ಚದೆ, ಚೂರುಗಳನ್ನು ಎರಡು ರಟ್ಟುಗಳಿಂದ ಎತ್ತಿ, ಉಳಿದ ಪುಡಿಯನ್ನು ಅಂಟುಟೇಪಿನಿಂದ ಒತ್ತಿ ತೆಗೆದು, ಎಲ್ಲವನ್ನೂ ಮುಚ್ಚಳವಿರುವ ಗಾಜಿನ ಭರಣಿಯಲ್ಲಿ ಹಾಕಿ ಮುಚ್ಚಿರಿ. ತೊಟ್ಟಿಯ ನೀರಿನೊಳಗೇ ಒಡೆದು ಬಿದ್ದಿದ್ದರೆ ಪ್ಲಗ್ ಕೀಳುವ ಮೊದಲು ಕೈಹಾಕಬೇಡಿ. ಪ್ಲಗ್ ಕಿತ್ತ ಮೇಲೆ ಮೀನುಗಳನ್ನು ಬೇರೆ ಪಾತ್ರೆಗೆ ಸಾಗಿಸಿ, ಕೈಗವಸು ತೊಟ್ಟು ಚೂರುಗಳನ್ನು ಆರಿಸಿ, ತಳದ ಮರಳನ್ನೂ ಫಿಲ್ಟರಿನ ಸ್ಪಂಜನ್ನೂ ಹೊಸದಾಗಿ ಹಾಕಿ, ನೀರನ್ನೆಲ್ಲ ಬದಲಿಸಿದ ನಂತರವೇ ಮೀನುಗಳನ್ನು ಮರಳಿ ಬಿಡಿ.